ಎರಡೂವರೆ ಸುತ್ತಿಗೊಂದು ಟಿಕ್

ಮಳೆ ಹಿಂದೆ ಸರಿದು ಆಯುಧಪೂಜೆ ಹತ್ತಿರ ಬಂತೆಂದರೆ ಸಾಗರದ ಬಿ.ಎಚ್. ರಸ್ತೆಯ ಗ್ಯಾರೇಜುಗಳ ಮುಂದೆ ಬೈಕುಗಳ ಸಾಲು ಚರಂಡಿ ದಾಟಿ ಡಾಂಬರಿನವರೆಗೂ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ರಾಡಿಯಲ್ಲಿ ಮಿಂದ ಗಾಡಿಗಳು. ಮಡ್‌ಗಾರ್ಡಿನ ಒಳಗೆ ಮಣ್ಣು ಹೆಂಟೆಗಟ್ಟಿದೆ. ಹಾಲಿನ ಕ್ಯಾನು ನೇತುಹಾಕಿ ಹಾಕಿ ಕ್ಯಾರಿಯರ್ ಒಂದು ಪಕ್ಕಕ್ಕೆ ವಾಲಿದೆ. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯ ಕೆಳಗೆ ನಾಲ್ಕು ತಿಂಗಳ ನೀರು ಇನ್ನೂ ಆರಿಲ್ಲ. ಈ ಗಾಡಿಗಳು ಹುಲ್ಲಿನ ಹೊರೆ ಹೊತ್ತಿವೆ, ಗೊಬ್ಬರದ ಚೀಲ ಹೊತ್ತಿವೆ, ಔಷಧಿ ಹೊಡೆಯುವ ಪಂಪು ಹೊತ್ತಿವೆ, ಶಾಲೆ ಮಕ್ಕಳನ್ನಂತೂ ದಿನವೂ ಹೊತ್ತಿವೆ. ಇಷ್ಟೆಲ್ಲದರ ಭಾರವನ್ನು ಎಂಜಿನ್ನಿಂದ ಹಿಂದಿನ ಚಕ್ರಕ್ಕೆ ಮುಟ್ಟಿಸಿದ್ದು ಕಿರುಬೆರಳಿಗಿಂತ ತುಸು ಅಗಲದ ಒಂದು ಉಕ್ಕಿನ ಸರಪಳಿ.

ಮಲೆನಾಡಿನ ಮಳೆಗಾಲಕ್ಕೆ ಮೊದಲು ಬಲಿಯಾಗುವುದು ಈ ಚೈನೇ. ರಸ್ತೆಯ ಮರಳು ನೀರಿನ ಜೊತೆ ಸೇರಿ ಅದರ ಕೀಲುಗಳಿಗೆ ಇಳಿಯುತ್ತದೆ. ಮೇಲಿಂದ ಸುರಿದ ಹಳೆಯ ಎಂಜಿನ್ ಆಯಿಲ್ ಆ ಮರಳನ್ನು ಅಲ್ಲೇ ಹಿಡಿದಿಡುತ್ತದೆ. ಹೀಗಾಗಿ ಹಬ್ಬದ ಮುಂಚಿನ ವಾರಗಳಲ್ಲಿ ಗ್ಯಾರೇಜಿನ ಮುಖ್ಯ ಕೆಲಸವೆಂದರೆ ಚೈನ್ ಸೆಟ್ ಬದಲಿಸುವುದು. ಮುಂದಿನ ಸಣ್ಣ ಸ್ಪ್ರಾಕೆಟ್, ಹಿಂದಿನ ದೊಡ್ಡ ಸ್ಪ್ರಾಕೆಟ್, ಚೈನ್, ಮೂರೂ ಒಟ್ಟಿಗೆ. ಅದರ ಬೆನ್ನಿಗೇ ಬರುವುದು ಇನ್ನೊಂದು ಜಾತಿಯ ಗಿರಾಕಿ: ಹೊಸ ಚೈನ್ ಹಾಕಿಸಿಕೊಂಡು ಹೋಗಿ, ಮೊದಲಿಲ್ಲದ ಸದ್ದೊಂದನ್ನು ಹೊತ್ತುಕೊಂಡು ಬರುವವನು.

ಅಂಥವರು ಹುಡುಕಿಕೊಂಡು ಬರುವ ಒಂದು ಗ್ಯಾರೇಜು ಇದೆ. ಬೋರ್ಡು ಎಂಬುದಿಲ್ಲ. ಹಲಸಿನ ಮರದ ಟೊಂಗೆಗೆ ಸವೆದ ಟೈರೊಂದನ್ನು ನೇತುಹಾಕಿದ್ದೇ ಗುರುತು. ತಗಡಿನ ಮಾಡಿನ ಮುಂದಕ್ಕೆ ನೀಲಿ ತಾಡಪಾಲು ಎಳೆದು, ಅದರಡಿ ಅಡಿಕೆ ದಬ್ಬೆಯ ಬೆಂಚು ಹಾಕಿದ್ದಾರೆ. ನೆಲದ ಮಣ್ಣು ಆಯಿಲ್ ಕುಡಿದು ಕುಡಿದು ಸಿಮೆಂಟಿನಷ್ಟು ಗಟ್ಟಿ. ಅದರಲ್ಲಿ ಕಳೆದುಹೋದ ವಾಷರುಗಳು, ಸೋಡಾ ಬಾಟಲಿಯ ಮುಚ್ಚಳಗಳು, ಮುರಿದ ಸ್ಪೋಕುಗಳು ಹುದುಗಿ ಹೊಳೆಯುತ್ತವೆ. ಗೋಡೆಯ ಮೊಳೆಗಳಲ್ಲಿ ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ತೂಗುತ್ತವೆ. ಹದಿನೇಳು ನಂಬರಿನದು ಮಾತ್ರ ಯಾವತ್ತೂ ಜಾಗದಲ್ಲಿರುವುದಿಲ್ಲ. ಅದು ಸದಾ ಯಾರದೋ ಕೈಯಲ್ಲಿ. ಮೂಲೆಯ ಬಾಣಲೆಯಲ್ಲಿ ಸೀಮೆಎಣ್ಣೆ, ಅದರಲ್ಲಿ ನೆನೆಯುತ್ತಿರುವ ಬೇರಿಂಗುಗಳು.

ಮೆಕ್ಯಾನಿಕ್‌ಗೆ ಅರವತ್ತು ದಾಟಿದೆ. ಊರಿಗೆಲ್ಲ ಅವರು ಸಾಹೇಬ್ರು. ಕೈಕೆಳಗಿನ ಹುಡುಗರಿಗೆ ಉಸ್ತಾದ್. ಕೆಲಸ ಕಲಿತದ್ದು ಯೆಜ್ಡಿಯ ಕಾಲದಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲು ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದು, ಕಾಫಿ ತೋಟ, ಅಡಿಕೆ ತೋಟಗಳ ಏರುದಾರಿಯನ್ನೆಲ್ಲ ಹೊಗೆ ಉಗುಳುತ್ತ ಹತ್ತಿದ ಗಾಡಿ ಅದು. ಅದರಲ್ಲಿ ಗೇರ್ ಹಾಕುವುದಕ್ಕೂ ಕಿಕ್ ಹೊಡೆಯುವುದಕ್ಕೂ ಒಂದೇ ಲಿವರ್. ಹಿಂದಿನ ಚೈನ್ ಪೂರ್ತಿ ಮುಚ್ಚಿದ್ದು. ಚಕ್ರದ ಬಳಿ ತಗಡಿನ ಪೆಟ್ಟಿಗೆ, ಅಲ್ಲಿಂದ ಎಂಜಿನ್‌ವರೆಗೆ ರಬ್ಬರಿನ ತೋಳುಗಳು. ರಾಡಿ, ಮರಳು ಒಳಗೆ ಬರದ ಏರ್ಪಾಟಿದು. ಆದರೆ ಒಳಗೆ ಏನಾಗಿದೆಯೆಂದು ಹೊರಗಿನಿಂದ ಕಾಣುವುದೂ ಇಲ್ಲ. ಬಿಚ್ಚುವ ಮೊದಲು ಕೇಳಿ ತಿಳಿದುಕೊಳ್ಳಬೇಕು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಗಳು ಕಲಿಸಿದ ಅಭ್ಯಾಸ ಮಾತ್ರ ಈ ತಾಡಪಾಲಿನ ಕೆಳಗೆ ಉಳಿದಿದೆ. ಸಾಹೇಬ್ರು ಸ್ಪ್ಯಾನರ್ ಕೇಳುವುದು ಕಡೆಗೆ.

ಆವತ್ತು ಬಂದ ಗಾಡಿ ಸಾಧಾರಣ ನೂರು ಸಿ.ಸಿ.ಯದ್ದು. ಊರೂರಿನಲ್ಲೂ ಲೆಕ್ಕವಿಲ್ಲದಷ್ಟು ಕಾಣುವಂಥದ್ದು. ಯಜಮಾನರು ಜೋಗದ ರಸ್ತೆಯ ಕಡೆಯ ಅಡಿಕೆ ಬೆಳೆಗಾರರು. ಹೆಗಲ ಮೇಲೆ ಪಂಚೆ, ಕಾಲಲ್ಲಿ ರಬ್ಬರ್ ಚಪ್ಪಲಿ. ಬಂದವರೇ ಮುಖ ಗಂಟಿಕ್ಕಿಕೊಂಡು ಹೇಳಿದರು:

“ಸಾಹೇಬ್ರೆ, ಹೊಸಾ ಚೈನ್ ಸೆಟ್ ಹಾಕ್ಸಿ ವಾರ ಆಗ್ಲಿಲ್ಲ. ಟಿಕ್ ಟಿಕ್ ಅಂತದೆ ಮಾರಾಯ್ರೆ.”

“ಎಲ್ಲಿ ಹಾಕ್ಸಿದ್ದು?”

“ಬೇರೆ ಕಡೆ. ನೀವು ಆವತ್ತು ಬಾಗ್ಲು ತೆಗ್ದಿರ್ಲಿಲ್ಲ.”

ಸಾಹೇಬ್ರು ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಅವರ ಪ್ರಶ್ನೆಗಳೇ ಬೇರೆ. ನಿಧಾನ ಹೋಗುವಾಗಲೋ ಜೋರು ಹೋಗುವಾಗಲೋ? ಆಕ್ಸಿಲರೇಟರ್ ಬಿಟ್ಟಾಗ ಬರುತ್ತದೋ, ಕೊಟ್ಟಾಗಲೋ? ಕ್ಲಚ್ ಹಿಡಿದರೆ ನಿಲ್ಲುತ್ತದೋ? ಇಳಿಜಾರಿನಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಬಿಟ್ಟಿರಾ? ಹಿಂದೆ ಯಾರಾದರೂ ಕೂತಿದ್ದರಾ? ಕೊನೆಯದಾಗಿ, ಚೈನ್ ಸೆಟ್ ಬಿಟ್ಟು ಇನ್ನೇನೇನು ಬಿಚ್ಚಿದ್ದರು?

ರಿಪೇರಿಯಾದ ಮೇಲೆ ಹುಟ್ಟಿದ ಸದ್ದಿನಲ್ಲಿ ಒಂದು ಅನುಕೂಲವಿದೆ. ಹತ್ತು ವರ್ಷದ ಗಾಡಿಯಲ್ಲಿ ತಾನಾಗಿ ಬಂದ ಸದ್ದಿಗೆ ಇಡೀ ಗಾಡಿಯನ್ನೇ ಅನುಮಾನಿಸಬೇಕಾಗುತ್ತದೆ. ನಿನ್ನೆ ಬಿಚ್ಚಿ ಇವತ್ತು ಸದ್ದು ಬಂದರೆ, ಬಿಚ್ಚಿದ ಜಾಗದಿಂದ ಹೊರಟರೆ ಸಾಕು. ಚೈನ್ ಸೆಟ್ ಹಾಕಬೇಕೆಂದರೆ ಚೈನ್ ಕವರ್ ತೆಗೆಯಬೇಕು, ಹಿಂದಿನ ಚಕ್ರ ಇಳಿಸಬೇಕು, ಆಕ್ಸಲ್ ಎಳೆಯಬೇಕು, ಬ್ರೇಕ್ ರಾಡ್ ಬಿಡಿಸಬೇಕು, ಎಡಗಡೆ ಎಂಜಿನ್ ಕವರ್ ಕಳಚಬೇಕು. ಚಕ್ರದ ಎರಡೂ ಪಕ್ಕದ ಬುಷ್‌ಗಳು ಕೈಗೆ ಬರುತ್ತವೆ. ಹಬ್ಬಿನೊಳಗಿನ ರಬ್ಬರುಗಳು ಕಣ್ಣಿಗೆ ಬೀಳುತ್ತವೆ. ಇಷ್ಟರಲ್ಲಿ ಯಾವುದೋ ಒಂದು ಹಿಂದೆ ಇದ್ದಂತೆ ಕೂತಿಲ್ಲ.

ಯಜಮಾನರ ಉತ್ತರ ಒಟ್ಟು ಸೇರಿಸಿದರೆ ಇಷ್ಟು: ನಿಧಾನಕ್ಕೆ ಹೋಗುವಾಗ ಚೆನ್ನಾಗಿ ಕೇಳುತ್ತದೆ, ಜೋರಾದರೆ ಎಂಜಿನ್ ಸದ್ದಿನಲ್ಲಿ ಮುಳುಗುತ್ತದೆ. ಕ್ಲಚ್ ಹಿಡಿದರೂ ಇದೆ, ಬಿಟ್ಟರೂ ಇದೆ. ಮನೆಯ ಮುಂದಿನ ಇಳುಕಲಿನಲ್ಲಿ ಎಂಜಿನ್ ಆರಿಸಿ ಬಿಟ್ಟರೂ ಇದೆ. ಚೈನ್ ಜೊತೆಗೆ ಹಿಂದಿನ ಚಕ್ರದ ಎರಡು ಬೇರಿಂಗ್ ಕೂಡ ಬದಲಿಸಿದ್ದಾರೆ.

ಅಷ್ಟರಲ್ಲಿ ಪಕ್ಕದ ಚಹಾದಂಗಡಿಯಿಂದ ಲೋಟ ಹಿಡಿದ ಮೂವರು ಬಂದು ನಿಂತಿದ್ದರು. ಒಬ್ಬರಿಗೆ ಬೇರಿಂಗ್ ಡುಪ್ಲಿಕೇಟ್ ಎಂಬುದು ಖಾತ್ರಿ. ಇನ್ನೊಬ್ಬರು ಕ್ಲಚ್ ಪ್ಲೇಟ್ ಎಂದರು. ಮೂರನೆಯವರು ಏನೂ ಹೇಳದೆ ಹಿಂದಿನ ಟೈರನ್ನು ಚಪ್ಪಲಿಯಿಂದ ಒದ್ದು ನೋಡಿ, ಹೂಂ ಎಂದು ಮತ್ತೆ ಚಹಾ ಕುಡಿದರು. ಕ್ಲಚ್ ಎಂದವರ ಮಾತನ್ನು ಯಜಮಾನರ ಇಳುಕಲು ಆಗಲೇ ಹೊಡೆದುಹಾಕಿತ್ತು. ಎಂಜಿನ್ನೇ ಆರಿದ್ದು, ನ್ಯೂಟ್ರಲ್‌ನಲ್ಲಿ ಉರುಳುವಾಗಲೂ ಸದ್ದಿದೆಯೆಂದರೆ ಪಿಸ್ಟನ್, ಟ್ಯಾಪೆಟ್, ಕ್ಲಚ್ ಎಲ್ಲವೂ ನಿರಪರಾಧಿಗಳು. ಉಳಿದದ್ದು ಮುಂದಿನ ಸ್ಪ್ರಾಕೆಟ್ ಕೂತ ಶಾಫ್ಟು, ಚೈನ್, ಹಿಂದಿನ ಚಕ್ರ, ಬೇಕಿದ್ದರೆ ಮುಂದಿನ ಚಕ್ರ. ಒಂದು ಪ್ರಶ್ನೆಗೆ ಅರ್ಧ ಗಾಡಿ ಪಟ್ಟಿಯಿಂದ ಹೊರಬಿತ್ತು.

ಡಬಲ್ ಸ್ಟ್ಯಾಂಡ್ ಹಾಕಿಸಿ ಹುಡುಗ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದ. ಚಕ್ರ ಸಲೀಸಾಗಿ ಸುತ್ತಿತು. ಚೈನಿನ ಸಣ್ಣ ಸರಸರ ಬಿಟ್ಟರೆ ಮತ್ತೇನಿಲ್ಲ. ಇನ್ನೂ ಜೋರಾಗಿ ತಿರುಗಿಸಿದ. ಟಿಕ್ ಎಂಬುದರ ಸುಳಿವೇ ಇಲ್ಲ. ಯಜಮಾನರು ಪೇಚಿಗೆ ಬಿದ್ದರು. ಗ್ಯಾರೇಜಿಗೆ ಬಂದೊಡನೆ ಸದ್ದು ಮಾಯವಾಗುವ ಈ ಕಷ್ಟ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತಿದ್ದದ್ದೇ. ಸಾಹೇಬ್ರ ಮುಖದಲ್ಲಿ ಮಾತ್ರ ಬೇಸರದ ಬದಲು ಉಮೇದು ಮೂಡಿತು. ರಸ್ತೆಯಲ್ಲಿರುವ ಸದ್ದು ಸ್ಟ್ಯಾಂಡಿನಲ್ಲಿಲ್ಲ ಎಂಬುದೂ ಒಂದು ಸುದ್ದಿಯೇ. ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರಕ್ಕೆ ಭಾರವಿಲ್ಲ. ಹಾಗಾದರೆ ಸದ್ದಿಗೆ ಭಾರ ಬೇಕು.

ಅವರು ಚಕ್ರದ ಬೇರಿಂಗನ್ನು ಅಲ್ಲಿಗೇ ಬಿಡಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್ಲಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಹುಡುಗನಿಗೆ ಚಕ್ರ ತಿರುಗಿಸಲು ಹೇಳಿದರು. ಗಾಳಿಗಿಂತ ಉಕ್ಕಿನಲ್ಲಿ ಸದ್ದು ಸುಮಾರು ಹದಿನೈದು ಪಟ್ಟು ವೇಗವಾಗಿ ಸಾಗುತ್ತದೆ, ಅದೂ ಹೆಚ್ಚು ಸೋರಿಹೋಗದೆ. ಗಾಡಿಯ ಸದ್ದಿನ ವಿಷಯದಲ್ಲಿ ಬರಿಗಿವಿ ಮೋಸಹೋಗುವುದು ಇದಕ್ಕೇ. ಹಿಂದಿನ ಚಕ್ರದಲ್ಲಿ ಹುಟ್ಟಿದ್ದು ಚೌಕಟ್ಟಿನ ಪೈಪಿನಗುಂಟ ಬಂದು ಕಾಲಿಡುವ ಫುಟ್‌ರೆಸ್ಟಿನಲ್ಲಿ ಕೇಳುತ್ತದೆ. ಸವಾರ ಎಂಜಿನ್ ಹೋಯಿತು ಎಂದುಕೊಳ್ಳುತ್ತಾನೆ. ಹಾಳಾದ ಬೇರಿಂಗಾದರೆ ಸ್ಕ್ರೂಡ್ರೈವರಿನಲ್ಲಿ ಗರಗರ ಎಂಬ ಒರಟು ಮೊರೆತ ಕೈಗೇ ತಿಳಿಯುತ್ತದೆ. ಹೊಸ ಬೇರಿಂಗನ್ನು ಹಬ್ಬಿಗೆ ಕೂರಿಸುವಾಗ ಹೊರಗಿನ ಬಳೆಗೆ ಬಡಿಯುವ ಬದಲು ಒಳಗಿನ ಬಳೆಗೆ ಬಡಿದರೆ, ಆ ಪೆಟ್ಟೆಲ್ಲ ಗುಂಡುಗಳ ಮೂಲಕ ಹಾದು ಗುಂಡು ಓಡುವ ದಾರಿಯಲ್ಲಿ ಸಣ್ಣ ಸಣ್ಣ ಕುಳಿ ಬೀಳಿಸುತ್ತದೆ. ಹೊಸ ಬೇರಿಂಗ್ ಹಾಕಿದ ದಿನವೇ ಹಳೆಯದಾಗುತ್ತದೆ. ಎರಡು ಬೇರಿಂಗುಗಳ ನಡುವಿನ ಪೈಪಿನಂಥ ಬುಷ್ ಹಾಕಲು ಮರೆತರೆ, ಆಕ್ಸಲ್ ನಟ್ ಬಿಗಿ ಮಾಡಿದಷ್ಟೂ ಬೇರಿಂಗ್ ಹಿಂಡಿಹೋಗುತ್ತದೆ. ಸಾಹೇಬ್ರು ಎರಡೂ ಪಕ್ಕ ಕೇಳಿ, ಚಕ್ರವನ್ನು ಹಿಡಿದು ಅಡ್ಡಕ್ಕೆ ಅಲುಗಿಸಿ ನೋಡಿ, ತಲೆಯಾಡಿಸಿದರು. ಬೇರಿಂಗ್ ಸರಿಯಿದೆ. ಚಹಾ ಕುಡಿಯುತ್ತಿದ್ದವರಲ್ಲಿ ಮೊದಲನೆಯವರು ಲೋಟ ವಾಪಸು ಕೊಡಲು ಹೊರಟರು.

ಈಗ ಬಂದದ್ದು ಸೀಮೆಸುಣ್ಣ. ಸಾಹೇಬ್ರು ಹಿಂದಿನ ಟೈರಿನ ಪಕ್ಕಕ್ಕೆ, ವಾಲ್ವ್ ಇರುವ ಜಾಗದಲ್ಲಿ, ದಪ್ಪಕ್ಕೆ ಒಂದು ಬಿಳಿ ಗೆರೆ ಎಳೆದರು. ಇಬ್ಬರು ಹುಡುಗರನ್ನು ಸೀಟಿನ ಮೇಲೆ ಹತ್ತಿಸಿದರು. ನ್ಯೂಟ್ರಲ್‌ಗೆ ಹಾಕಿ, ಯಜಮಾನರಿಗೂ ಮೂರನೆಯ ಹುಡುಗನಿಗೂ ಹಿಂದಿನಿಂದ ತಳ್ಳಲು ಹೇಳಿ, ತಾವು ಎಡಪಕ್ಕದಲ್ಲಿ ಬಗ್ಗಿಕೊಂಡು ಚಕ್ರದ ಜೊತೆಗೇ ನಡೆದರು.

ಟಿಕ್.

ಬಿಳಿ ಗೆರೆ ಆಗ ನೆಲದ ಕಡೆ ಇತ್ತು. ಏಳು ಹೆಜ್ಜೆ ನಡೆದ ಮೇಲೆ ಮತ್ತೆ ಟಿಕ್. ಈ ಸಲ ಗೆರೆ ಮೇಲೆ, ಮಡ್‌ಗಾರ್ಡಿನ ಹತ್ತಿರ. ಇನ್ನೇಳು ಹೆಜ್ಜೆ. ಟಿಕ್. ಗೆರೆ ಮತ್ತೆ ಕೆಳಗೆ. ರಸ್ತೆಯಂಚಿನವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಇದು ಪಕ್ಕಾ ಆಯಿತು: ಚಕ್ರ ಐದು ಸುತ್ತು ಸುತ್ತಿದರೆ ಸದ್ದು ಎರಡು.

“ಇಳೀರ್ರೋ,” ಎಂದರು ಸಾಹೇಬ್ರು. “ಚಕ್ರದ್ದಲ್ಲ ಇದು. ಚೈನಿಂದು.”

ಅವರು ಮಾಡಿದ್ದು ಗುಣಾಕಾರ ಭಾಗಾಕಾರ, ಅಷ್ಟೇ. ಆದರೆ ಆ ಲೆಕ್ಕದಲ್ಲಿ ಬೈಕಿನ ಇಡೀ ಗುಟ್ಟು ಅಡಗಿದೆ. ಈ ಗಾಡಿಯ ಮುಂದಿನ ಸ್ಪ್ರಾಕೆಟ್ಟಿಗೆ 14 ಹಲ್ಲು, ಹಿಂದಿನದಕ್ಕೆ 42. ಚೈನಿನಲ್ಲಿ 106 ಕೊಂಡಿ. ಒಂದು ಹಲ್ಲಿಗೆ ಒಂದು ಕೊಂಡಿ. ಹಿಂದಿನ ಚಕ್ರ ಒಂದು ಸುತ್ತು ಬಂದರೆ 42 ಕೊಂಡಿ ಮುಂದೆ ಸಾಗುತ್ತವೆ, ಅಷ್ಟರಲ್ಲಿ ಮುಂದಿನ ಸ್ಪ್ರಾಕೆಟ್ ಮೂರು ಸುತ್ತು ಮುಗಿಸಿರುತ್ತದೆ. ಆದರೆ ಚೈನ್ ಇನ್ನೂ ಒಂದು ಸುತ್ತು ಪೂರೈಸಿರುವುದಿಲ್ಲ. 106ನ್ನು 42ರಿಂದ ಭಾಗಿಸಿದರೆ ಎರಡೂವರೆಗೆ ಕೂದಲೆಳೆಯಷ್ಟು ಜಾಸ್ತಿ. ಅಂದರೆ ಚೈನಿನ ಯಾವುದೇ ಒಂದು ಕೊಂಡಿ ಹೊರಟಲ್ಲಿಗೇ ಮರಳಲು ಚಕ್ರ ಎರಡೂವರೆ ಸುತ್ತು ಸುತ್ತಬೇಕು. ಈ ಅಳತೆಯ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಹೀಗಾಗಿ ರಸ್ತೆಯ ಮೇಲೆ ಪ್ರತಿ 4.8 ಮೀಟರಿಗೆ ಆ ಕೊಂಡಿಯ ಸರದಿ. ಸಾಹೇಬ್ರ ಏಳು ಹೆಜ್ಜೆ ಎಂದರೆ ಅದೇ.

ಆದ್ದರಿಂದ ಸದ್ದು ಹೇಗಿದೆ ಎಂಬುದಕ್ಕಿಂತ ಎಷ್ಟು ಸಲ ಬರುತ್ತದೆ ಎಂಬುದೇ ಹೆಚ್ಚು ಹೇಳುತ್ತದೆ. ಚಕ್ರದ ಒಂದು ಸುತ್ತಿಗೆ ಒಂದು ಸಲ ಬಂದರೆ ದೋಷ ಚಕ್ರದ ಜೊತೆ ಸುತ್ತುವುದರಲ್ಲಿದೆ: ಟೈರಿಗೆ ಸಿಕ್ಕಿದ ಕಲ್ಲು, ಸೊಟ್ಟಗಾದ ಹಿಂದಿನ ಸ್ಪ್ರಾಕೆಟ್, ಒಂದು ಕಡೆ ಬ್ರೇಕ್ ಶೂ ಸವರುವ ಡ್ರಮ್. ಮೂರು ಸಲ ಬಂದರೆ ಮುಂದಿನ ಸ್ಪ್ರಾಕೆಟ್ ಅಥವಾ ಅದು ಕೂತ ಶಾಫ್ಟು. ಎಡೆಬಿಡದೆ ಮೊರೆದು ವೇಗದ ಜೊತೆ ಏರುತ್ತ ಹೋದರೆ ಬೇರಿಂಗನ್ನು ನೋಡಬೇಕು. ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಧಡ್ ಎಂದು ಒಂದೇ ಒಂದು ಹೊಡೆತ ಬಂದರೆ ಚೈನ್ ಸಡಿಲಾಗಿದೆ, ಇಲ್ಲವೇ ಹಬ್ಬಿನ ರಬ್ಬರುಗಳು ನುರಿದಿವೆ. ಎಂಜಿನ್ನಿನ ಎಳೆತ ಚಕ್ರಕ್ಕೆ ನೇರ ಬಡಿಯದಂತೆ ಹಿಂದಿನ ಸ್ಪ್ರಾಕೆಟ್ಟಿಗೂ ಹಬ್ಬಿಗೂ ನಡುವೆ ಇಟ್ಟ ದಿಂಬುಗಳವು. ಎರಡೂವರೆ ಸುತ್ತಿಗೊಂದು ಬಂದರೆ ಮಾತ್ರ ಚೈನಿನದೇ ಒಂದು ಕೊಂಡಿ ಉಳಿದವುಗಳಿಗಿಂತ ಬೇರೆಯಾಗಿದೆ.

ಈ ರೋಲರ್ ಚೈನ್ ಹುಟ್ಟಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಸ್ವಿಟ್ಜರ್ಲೆಂಡಿನಿಂದ ಬಂದು ಅಲ್ಲಿ ನೆಲೆಸಿದ್ದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಪಟ್ಟಿ, ಪಿನ್ನು, ಪಿನ್ನಿನ ಸುತ್ತ ಬುಷ್, ಬುಷ್ಷಿನ ಸುತ್ತ ಸಡಿಲವಾಗಿ ಉರುಳುವ ರೋಲರ್: ಅವನ ಕಾಲದ ಈ ಕಟ್ಟೋಣವೇ ಇವತ್ತಿನ ಬೈಕಿನಲ್ಲೂ ಇದೆ. ಈ ಗಾಡಿಯ ಚೈನಿನ ಮೇಲೆ 428 ಎಂದು ಕೊರೆದಿದೆ. ಮೊದಲ ಅಂಕಿ ನಾಲ್ಕು ಎಂದರೆ ಪಿನ್ನಿನಿಂದ ಪಿನ್ನಿಗೆ ನಾಲ್ಕು ಎಂಟಾಂಶ ಇಂಚು, ಅಂದರೆ ಅರ್ಧ ಇಂಚು, 12.7 ಮಿ.ಮೀ. ಚೈನ್ ಹಿಗ್ಗಿತು ಎಂದು ಎಲ್ಲರೂ ಹೇಳುತ್ತಾರೆ. ಹಿಗ್ಗುವುದು ಪಟ್ಟಿಗಳಲ್ಲ. ಪಿನ್ನು ಮತ್ತು ಬುಷ್ ಉಜ್ಜಿ ಸವೆದು ಕೀಲಿನಲ್ಲಿ ಜಾಗ ಬೀಳುತ್ತದೆ. ಪ್ರತಿ ಕೀಲಿನಲ್ಲಿ ಬರೀ ಕಾಲು ಮಿಲಿಮೀಟರ್ ಸವೆದರೂ 106 ಕೀಲಿಗೆ 26 ಮಿ.ಮೀ. ಆಯಿತು, ಅಂದರೆ ಎರಡು ಕೊಂಡಿಗಳಷ್ಟು ಉದ್ದ. ಹಾಗೆ ಸವೆದ ಚೈನ್ ಓಡಿ ಓಡಿ ಸ್ಪ್ರಾಕೆಟ್ಟಿನ ಹಲ್ಲುಗಳೂ ಕೊಕ್ಕೆಯಾಗುತ್ತವೆ. ಹಳೆಯ ಹಲ್ಲಿಗೆ ಹೊಸ ಚೈನ್ ಹಾಕಿದರೆ ಎರಡೂ ಹೊಂದದೆ ಕಟಕಟ ಎನ್ನುತ್ತವೆ, ಬೇಗ ಸವೆಯುತ್ತವೆ. ಮೂರನ್ನೂ ಒಟ್ಟಿಗೆ ಬದಲಿಸಿ ಎಂದು ಹೇಳುವುದು ಅದಕ್ಕೇ. ಅಂಗಡಿಯವನ ಲಾಭವೂ ಅದರಲ್ಲಿ ಇದೆ ಎನ್ನುವುದು ಬೇರೆ ಮಾತು.

ಚೈನ್ ಪೂರ್ತಿ ಸದ್ದಿಲ್ಲದೆ ಓಡುವುದೂ ಇಲ್ಲ. ಸ್ಪ್ರಾಕೆಟ್ ದುಂಡಗಿದೆಯೆಂದು ನಮಗೆ ಕಾಣುತ್ತದೆ. ಚೈನಿಗೆ ಮಾತ್ರ ಅದು ಹದಿನಾಲ್ಕು ಮೂಲೆಯ ಆಕೃತಿ. ಒಂದೊಂದು ಮೂಲೆ ದಾಟುವಾಗಲೂ ಚೈನ್ ತುಸು ಏರಿ ಇಳಿಯುತ್ತದೆ, ಅದರ ವೇಗ ಶೇಕಡಾ ಎರಡೂವರೆಯಷ್ಟು ಹೆಚ್ಚುಕಮ್ಮಿಯಾಗುತ್ತದೆ. ಒಂದೊಂದು ರೋಲರ್ ಹಲ್ಲಿನ ಬುಡಕ್ಕೆ ಬಂದು ಕೂರುವಾಗಲೂ ಒಂದು ಚಿಕ್ಕ ಬಡಿತ. ಗಂಟೆಗೆ 42 ಕಿಲೋಮೀಟರ್ ವೇಗದಲ್ಲಿ ಇಂಥ ಬಡಿತ ಸೆಕೆಂಡಿಗೆ ಸುಮಾರು 260. ಅಷ್ಟು ಬಡಿತಗಳು ಒಂದಕ್ಕೊಂದು ಬೆಸೆದು ಒಂದು ಸ್ವರವಾಗುತ್ತವೆ. ಹಾರ್ಮೋನಿಯಮ್ಮಿನ ನಡುವಿನ ಬಿಳಿ ಒಂದರ ಸ್ವರವೂ ಹೆಚ್ಚುಕಮ್ಮಿ ಅಷ್ಟೇ. ನೇರ ರಸ್ತೆಯಲ್ಲಿ ಒಳ್ಳೆಯ ಗಾಡಿಯ ಕಾಲಬುಡದಿಂದ ಬರುವ ಗುನುಗು ಅದು. ಚೈನನ್ನು ಮಿತಿಮೀರಿ ಬಿಗಿದರೆ ಆ ಗುನುಗೇ ಕೀರಲಾಗುತ್ತದೆ.

ಈಗ ಹುಡುಕಬೇಕಾದದ್ದು ಆ ಒಂದು ಬೇರೆ ಕೊಂಡಿಯನ್ನು. ಹೊಸ ಚೈನಿನಲ್ಲಿ ಹುಟ್ಟಿನಿಂದಲೇ ಬೇರೆಯಾಗಿರುವ ಕೊಂಡಿ ಒಂದೇ: ಲಾಕ್. ಚೈನಿನ ಎರಡು ತುದಿಗಳನ್ನು ಕೂಡಿಸುವ ಈ ಕೊಂಡಿಯ ಹೊರಪಟ್ಟಿಯ ಮೇಲೆ ಮೀನಿನಾಕಾರದ ಸಣ್ಣ ಕ್ಲಿಪ್ ಕೂರುತ್ತದೆ. ಕ್ಲಿಪ್ಪಿನ ಮುಚ್ಚಿದ ತಲೆ ಚೈನ್ ಓಡುವ ದಿಕ್ಕಿಗೆ ಇರಬೇಕು, ಸೀಳಿದ ಬಾಲ ಹಿಂದಕ್ಕೆ. ತಿರುವುಮುರುವಾದರೆ ಯಾವುದಾದರೂ ತಗುಲಿದ ಕ್ಷಣ ಕ್ಲಿಪ್ ಹಾರಿಹೋಗಬಹುದು. ಹುಡುಗ ಟಾರ್ಚ್ ಹಿಡಿದು ಚೈನ್ ಕವರಿನ ರಬ್ಬರ್ ಮುಚ್ಚಳದ ಕಿಂಡಿಯಲ್ಲಿ ನೋಡುತ್ತ ಚಕ್ರ ತಿರುಗಿಸಿದ. ಲಾಕ್ ಬಂತು. ಕ್ಲಿಪ್ ಸರಿಯಾದ ದಿಕ್ಕಿಗೇ ಇದೆ. ಕೊಂಡಿ ಬಿಗಿಯಾಗಿಲ್ಲ, ಬೆರಳಿನಲ್ಲಿ ಮಡಚಿದರೆ ಸಲೀಸಾಗಿ ಮಡಚುತ್ತದೆ. ಆದರೆ ಕ್ಲಿಪ್ಪಿನ ಅಂಚು ಹೊಸ ಬೆಳ್ಳಿಯಷ್ಟು ಹೊಳೆಯುತ್ತಿತ್ತು. ಯಾವುದಕ್ಕೋ ಉಜ್ಜುತ್ತಿದೆ.

ಕವರ್ ಬಿಚ್ಚಿದಾಗ ಉತ್ತರ ಸಿಕ್ಕಿತು. ಕವರಿನ ಮುಂದಿನ ತುದಿಯಲ್ಲಿ, ಒಳಮೈಯಲ್ಲಿ, ಉಗುರಿನಗಲಕ್ಕೆ ಬಣ್ಣ ಹೋಗಿ ತಗಡು ಬೆಳ್ಳಗಾಗಿತ್ತು. ಕವರನ್ನು ಹಿಡಿದಿದ್ದ ಬೋಲ್ಟಿನ ಹಿಂದೆ ಇರಬೇಕಾದ ಚಿಕ್ಕ ಬುಷ್ ಇಲ್ಲ. ಬಿಚ್ಚಿದಾಗ ಎಲ್ಲೋ ಉರುಳಿಹೋಗಿರಬೇಕು. ಅದಿಲ್ಲದೆ ಬೋಲ್ಟ್ ಬಿಗಿದದ್ದರಿಂದ ಕವರಿನ ಮೂತಿ ಕೆಲವು ಮಿಲಿಮೀಟರ್ ಒಳಕ್ಕೆ ವಾಲಿತ್ತು. ಬೇರೆ ಕೊಂಡಿಗಳಿಗೆ ಆ ಜಾಗ ಸಾಕು. ಕ್ಲಿಪ್ ಹೊತ್ತ ಲಾಕ್ ಮಾತ್ರ ಉಳಿದವಕ್ಕಿಂತ ತುಸು ಅಗಲ, ಅದಕ್ಕೆ ಸಾಲದು. ದಾಟುವಾಗ ತಗಡಿಗೆ ಒಂದು ಸವರು. ತಗಡಿನ ಕವರ್ ಆ ಸವರನ್ನು ದೊಡ್ಡದು ಮಾಡಿ ಕೇಳಿಸುತ್ತಿತ್ತು.

ಸ್ಟ್ಯಾಂಡಿನ ಮೇಲೆ ಇದು ಕೇಳದೆ ಹೋದದ್ದಕ್ಕೂ ಕಾರಣ ಅಲ್ಲೇ ಇತ್ತು. ಚೈನ್ ಕವರ್ ಕೂತಿರುವುದು ಚಕ್ರವನ್ನು ಹಿಡಿದ ಸ್ವಿಂಗ್ ಆರ್ಮ್ ಮೇಲೆ. ಮುಂದಿನ ಸ್ಪ್ರಾಕೆಟ್ ಇರುವುದು ಎಂಜಿನ್ನಿನಲ್ಲಿ. ಸೀಟಿನ ಮೇಲೆ ಭಾರ ಬಿದ್ದಾಗ ಶಾಕ್ ಅಬ್ಸಾರ್ಬರ್ ಕುಗ್ಗಿ, ಸ್ವಿಂಗ್ ಆರ್ಮಿನ ಹಿಂದಿನ ತುದಿ ಚೌಕಟ್ಟಿಗೆ ಹೋಲಿಸಿದರೆ ಮೇಲೇರುತ್ತದೆ. ಅದು ತಿರುಗುವ ಕೀಲಿಗಿಂತ ಮುಂದಕ್ಕೆ ಚಾಚಿರುವ ಕವರಿನ ಮೂತಿ ತುಸು ಕೆಳಗಿಳಿಯುತ್ತದೆ. ಗಾಡಿ ಸ್ಟ್ಯಾಂಡಿನಲ್ಲಿದ್ದಾಗ ಚೈನಿನ ದಾರಿಯಿಂದ ಸರಿದು ನಿಂತ ಆ ಮೂತಿ, ಇಬ್ಬರು ಕೂತರೆ ಲಾಕಿಗೆ ಎದುರಾಗುತ್ತದೆ. ಸಾಹೇಬ್ರು ಬಿಚ್ಚಿದ ಕವರನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಮಾಡಿ ಹುಡುಗನಿಗೆ ತೋರಿಸಿದರು. “ಕಂಡ್ತಾ? ಗಾಡಿ ನೋಡುವಾಗ ಮನ್ಸ ಕೂತ ಹಾಗೇ ನೋಡ್ಬೇಕು. ಖಾಲಿ ಗಾಡಿ ಓಡೂದು ಗ್ಯಾರೇಜಲ್ಲಿ ಮಾತ್ರ.”

ಹಳೆಯ ಡಬ್ಬಿಯಿಂದ ಅದೇ ಅಳತೆಯ ಬುಷ್ ಹುಡುಕಿ ಹಾಕಿ, ಕವರಿನ ಅಂಚನ್ನು ಕಟಿಂಗ್ ಪ್ಲೇಯರಿನಲ್ಲಿ ತುಸು ಹೊರಕ್ಕೆ ತಿದ್ದಿದರು. ಉಜ್ಜಿದ ಕ್ಲಿಪ್ಪನ್ನು ಬಿಸಾಡಿ ಹೊಸತು ಹಾಕಿಸಿದರು. ಯಜಮಾನರು ಪಂಚೆ ಕೊಡವಿಕೊಂಡು ಎದ್ದರು. ಇಷ್ಟು ಸಣ್ಣ ವಿಷಯಕ್ಕೆ ಮೂರು ರಾತ್ರಿ ನಿದ್ದೆ ಕೆಟ್ಟಿತೆಂಬ ನಾಚಿಕೆಯೂ ಬಚಾವಾದ ಖುಷಿಯೂ ಮುಖದಲ್ಲಿ ಒಟ್ಟಿಗೇ ಇದ್ದವು.

“ಕೂತ್ಕಳಿ, ಕೂತ್ಕಳಿ. ಮುಗೀಲಿಲ್ಲ,” ಎಂದರು ಸಾಹೇಬ್ರು.

ಒಂದು ಬುಷ್ ಮರೆತ ಕೈ ಇನ್ನೇನು ಮರೆತಿದೆಯೋ ಎಂದು, ಬಿಚ್ಚಿದ್ದ ಜಾಗವನ್ನೆಲ್ಲ ಅವರು ಒಂದು ತುದಿಯಿಂದ ಮುಟ್ಟಿ ನೋಡತೊಡಗಿದರು. ಸ್ವಿಂಗ್ ಆರ್ಮಿನ ಎರಡೂ ಕಡೆಯ ಗೆರೆಗಳನ್ನು ಎಣಿಸಿದರು. ಎಡಕ್ಕೂ ಬಲಕ್ಕೂ ಅರ್ಧ ಗೆರೆ ವ್ಯತ್ಯಾಸ, ಚಕ್ರ ಸೊಟ್ಟ ಕೂತಿದೆ. ಚೈನಿನ ಸಡಿಲ ನೋಡಿದರು. ಕೆಳಗಿನ ಸಾಲಿನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಸುಮಾರು 25 ಮಿ.ಮೀ. ಆಡಬೇಕು. ಇಲ್ಲಿ ಅದರ ಅರ್ಧವೂ ಇಲ್ಲ. ಹೊಸ ಚೈನ್ ಗಟ್ಟಿಯಾಗಿರಲಿ ಎಂದು ಬಿಗಿದಿದ್ದಾರೆ. ಚಕ್ರ ಮೇಲೇರುತ್ತ ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವ ಹೊತ್ತಿಗೆ ಚೈನ್ ಹೋಗಬೇಕಾದ ದೂರ ಎಲ್ಲಕ್ಕಿಂತ ಹೆಚ್ಚು. ಸ್ಟ್ಯಾಂಡಿನಲ್ಲಿ ಬಿಗಿಯಾಗಿದ್ದದ್ದು ಇಬ್ಬರು ಕೂತು ಗುಂಡಿಗೆ ಬಿದ್ದಾಗ ತಂತಿಯಾಗುತ್ತದೆ. ಆ ಎಳೆತವನ್ನೆಲ್ಲ ಗೇರ್‌ಬಾಕ್ಸಿನ ಶಾಫ್ಟ್ ಬೇರಿಂಗ್ ತಿನ್ನಬೇಕು.

ಆಮೇಲೆ ಅವರ ಕೈ ಬಲಗಡೆಗೆ, ಬ್ರೇಕ್ ಪ್ಲೇಟಿನಿಂದ ಸ್ವಿಂಗ್ ಆರ್ಮಿಗೆ ಹೋಗುವ ಕಬ್ಬಿಣದ ಪಟ್ಟಿಯ ಹತ್ತಿರ ನಿಂತಿತು. ಟಾರ್ಕ್ ಆರ್ಮ್ ಎನ್ನುತ್ತಾರೆ ಅದಕ್ಕೆ. ಬ್ರೇಕ್ ಹಾಕಿದಾಗ ಶೂಗಳು ಡ್ರಮ್ಮನ್ನು ಹಿಡಿಯುತ್ತವೆ, ಡ್ರಮ್ ತನ್ನ ಜೊತೆ ಪ್ಲೇಟನ್ನೂ ಸುತ್ತಿಸಲು ನೋಡುತ್ತದೆ, ಸುತ್ತದಂತೆ ತಡೆಯುವುದು ಈ ಪಟ್ಟಿ. ಅದರ ನಟ್ಟನ್ನು ಸಾಹೇಬ್ರು ಎರಡು ಬೆರಳಿನಲ್ಲಿ ತಿರುಗಿಸಿದರು. ನಟ್ ತಿರುಗಿತು. ಅದು ಕಳಚದಂತೆ ಅಡ್ಡ ಹಾಕುವ ಸ್ಪ್ಲಿಟ್ ಪಿನ್ ಇರಬೇಕಾದ ತೂತು ಖಾಲಿ.

ಯಜಮಾನರು ಏನೋ ಕೇಳಲು ಹೊರಟವರು ಸುಮ್ಮನಾದರು. ಆ ನಟ್ ಇನ್ನೊಂದಷ್ಟು ದಿನ ಅದುರಿ ಬಿದ್ದು, ಘಟ್ಟದ ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದ್ದರೆ ಬ್ರೇಕ್ ಪ್ಲೇಟ್ ಚಕ್ರದ ಜೊತೆಗೇ ಸುತ್ತಿ ರಾಡನ್ನು ಎಳೆದುಕೊಂಡು ಚಕ್ರವನ್ನು ಕಚ್ಚಿ ನಿಲ್ಲಿಸುತ್ತಿತ್ತು. ಇಷ್ಟು ದೊಡ್ಡ ಅಪಾಯ ಒಂದು ಚೂರೂ ಸದ್ದು ಮಾಡಿರಲಿಲ್ಲ. ಮಾಡುವುದೂ ಇಲ್ಲ. ಬಿಗಿದ ಚೈನ್ ಕೂಡ ಸವಾರನ ಕಿವಿಗೆ ಬೀಳುವ ಹೊತ್ತಿಗೆ ಬೇರಿಂಗಿನ ಆಯಸ್ಸು ಅರ್ಧ ಮುಗಿದಿರುತ್ತದೆ. ಮನುಷ್ಯನನ್ನು ಮೂರು ರಾತ್ರಿ ಕಾಡಿದ ಟಿಕ್ ಮಾಡಿದ್ದು ಮಾತ್ರ ತಗಡಿಗೆ ಒಂದು ಗೀರು, ಒಂದು ಕ್ಲಿಪ್ಪಿನ ನಷ್ಟ. ಅದು ಮಾಡಿದ ಉಪಕಾರವೆಂದರೆ ಗಾಡಿಯನ್ನು ಮರಳಿ ಗ್ಯಾರೇಜಿಗೆ ತಂದದ್ದು.

ಸಾಹೇಬ್ರು ಹೊಸ ಸ್ಪ್ಲಿಟ್ ಪಿನ್ ಹಾಕಿ ಅದರ ಎರಡೂ ಕಾಲು ಮಡಚಿದರು. ಚಕ್ರ ನೇರ ಮಾಡಿ, ಇಬ್ಬರು ಹುಡುಗರನ್ನು ಮತ್ತೆ ಸೀಟಿನ ಮೇಲೆ ಕೂರಿಸಿ, ಚೈನನ್ನು ಸಡಿಲಿಸಿ ಅಳತೆಗೆ ತಂದರು. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳತೆ ನೋಡಿದರು. ಸೈಡ್ ಕವರ್ ತೆಗೆದು ಅದರ ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಮೀಟರಿನ ಕಿಲೋಮೀಟರ್ ಅಂಕಿ ಬರೆದರು. ಅದರ ಕೆಳಗೆ ಬಿಚ್ಚಿದ್ದೆಲ್ಲದರ ಪಟ್ಟಿ: ಕವರ್, ಬುಷ್, ಲಾಕ್, ಆಕ್ಸಲ್, ಪಿನ್. ಮುಂದೆ ಯಾರ ಕೈಗೆ ಈ ಗಾಡಿ ಸಿಕ್ಕರೂ ಎಲ್ಲಿಂದ ಹುಡುಕಬೇಕೆಂದು ತಿಳಿಯಲಿ ಎಂದು ಅವರ ಪದ್ಧತಿ.

ದುಡ್ಡಿನ ಮಾತು ಎರಡು ವಾಕ್ಯದಲ್ಲಿ ಮುಗಿಯಿತು. ಯಜಮಾನರು ಕಿಕ್ ಹೊಡೆದು, ಗೇರ್ ಹಾಕುವ ಮುನ್ನ ತಿರುಗಿ ಕೇಳಿದರು: “ಮತ್ತೆ ಯಾವಾಗ ತರ್ಲಿ ಸಾಹೇಬ್ರೆ? ಸದ್ದು ಬಂದ್ರೆ ತರ್ತೆ, ಸಾಕಲ್ದಾ?”

“ಸಾಲ್ದು ಮಾರಾಯ್ರೆ. ಹೊಸಾ ಚೈನ್, ಐನೂರು ಕಿಲೋಮೀಟರಿಗೆ ಕೂತ್ಕಂಡು ಸಡ್ಲ ಆಗ್ತದೆ. ಆವಾಗ ತನ್ನಿ,” ಎಂದ ಸಾಹೇಬ್ರು, ಆಗಲೇ ಮುಂದಿನ ಗಾಡಿಯತ್ತ ಬಗ್ಗಿದ್ದರು. “ಸದ್ದು ಇಲ್ದಿದ್ರೂ ತನ್ನಿ.”